ಹಳೆಯದಾಗಿಸುವ ಕೆಲಸ

ಲೇಸರ್ ಯಂತ್ರ ಬಂದ ದಿನ ಮ್ಯಾನೇಜರು ಹೊಸ ಜೀನ್ಸನ್ನು ಕೆರೆದು ಹಳೆಯದಾಗಿಸುವ ಮೇಜಿನ ಮೂವತ್ತು ಹೆಂಗಸರನ್ನೂ ಕರೆದು ಅದರ ಮುಂದೆ ನಿಲ್ಲಿಸಿದರು. ಹೊಸ ಜೀನ್ಸ್ ಪ್ಯಾಂಟೊಂದನ್ನು ಒಳಗೆ ಹಾಸಿ, ಗಾಜಿನ ಬಾಗಿಲು ಮುಚ್ಚಿ, ಗುಂಡಿ ಒತ್ತಿದರು. ಬೆಳಕಿನ ಚುಕ್ಕೆಯೊಂದು ಬಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿತು. ಸುಟ್ಟ ಹತ್ತಿಯ ವಾಸನೆ ಬಂತು. ತೊಂಬತ್ತು ಸೆಕೆಂಡಿನ ಮೇಲೆ ಬಾಗಿಲು ತೆರೆದಾಗ ಆ ಪ್ಯಾಂಟನ್ನು ಯಾರೋ ಐದಾರು ವರ್ಷ ಹಾಕಿ ಸವೆಸಿದಂತಿತ್ತು. ತೊಡೆ ಬೆಳ್ಳಗಾಗಿತ್ತು, ಮಂಡಿ ಮಾಸಿತ್ತು, ಸೊಂಟದ ಕೆಳಗೆ ಕೂತು ಎದ್ದು ಬಿದ್ದ ಸುಕ್ಕಿನ ಗೆರೆಗಳಿದ್ದವು. ಅಷ್ಟನ್ನೂ ಕೈಯಲ್ಲಿ ಮಾಡಲು ಒಬ್ಬಳಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು.

ಇನ್ನು ಮೇಲೆ ಮರಳುಕಾಗದವಿಲ್ಲ, ಒಗೆಯುವಾಗ ಹಾಕುವ ಕಲ್ಲಿಲ್ಲ, ಬಣ್ಣ ತೆಗೆಯುವ ನೇರಳೆ ನೀರಿಲ್ಲ, ಬರೀ ಬೆಳಕು ಮತ್ತು ಗಾಳಿ ಎಂದರು ಮ್ಯಾನೇಜರು. ಒಗೆಯುವ ವಿಭಾಗಕ್ಕೆ ಗಾಳಿಯಲ್ಲೇ ಬಣ್ಣ ಇಳಿಸುವ ಓಝೋನ್ ಪೆಟ್ಟಿಗೆಯೂ ಬರುತ್ತಿದೆ, ಒಂದು ಪ್ಯಾಂಟಿಗೆ ಎಪ್ಪತ್ತು ಲೀಟರ್ ನೀರು ಹೋಗುತ್ತಿದ್ದ ಕಡೆ ಈಗ ಒಂದು ಚೊಂಬು ಸಾಕು ಎಂದರು. ಹಿಂದಿನ ಸಾಲಿನಿಂದ ಒಬ್ಬಳು, ಪುಣ್ಯಾತ್ಮ ಊಟಕ್ಕೂ ಏಳೋದಿಲ್ವಲ್ಲ, ಎಂದು ಯಂತ್ರವನ್ನು ನೋಡಿ ಹೇಳಿದಳು. ಒಂದಿಬ್ಬರು ನಕ್ಕರು. ಮುಂದಿನ ವಾರ ಇಪ್ಪತ್ತೆಂಟು ಜನರನ್ನು ಮನೆಗೆ ಕಳಿಸಿದರು, ಆ ಮಾತು ಹೇಳಿದವಳನ್ನೂ ಸೇರಿಸಿ.

ಉಳಿಸಿಕೊಂಡದ್ದು ಇಬ್ಬರನ್ನು. ಒಬ್ಬಳು ಕಂಪ್ಯೂಟರ್ ಕಲಿತಿದ್ದ ಹುಡುಗಿ. ಇನ್ನೊಬ್ಬಳು ಮೀಸೆಯಕ್ಕ.

ಜೀನ್ಸಿನ ತೊಡೆಸಂದಿಯಲ್ಲಿ ಬೀಳುವ ಆ ಸುಕ್ಕಿನ ಗೆರೆಗಳಿಗೆ ಫ್ಯಾಶನ್ನಿನವರು ಬೆಕ್ಕಿನ ಮೀಸೆ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಕಾರ್ಖಾನೆಯವರು ಅದನ್ನು ಬರೀ ಮೀಸೆ ಮಾಡಿಕೊಂಡಿದ್ದರು. ಮರಳುಕಾಗದದಿಂದ ಕೆರೆದು ಆ ಮೀಸೆ ಎಳೆಯುವುದರಲ್ಲಿ ಇವಳನ್ನು ಮೀರಿಸಿದವರಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಆ ಹೆಸರು ಅಂಟಿಕೊಂಡಿತು. ಹೊಸಬರು ಹೆಸರು ಕೇಳಿ ಅವಳ ತುಟಿಯ ಮೇಲೆ ಕಣ್ಣಾಡಿಸುತ್ತಿದ್ದರು. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಗಂಡನ ಮನೆ ಬಿಟ್ಟು ಅಣ್ಣನ ಮನೆ ಸೇರಿದವಳು, ಅದಕ್ಕಿಂತ ದೊಡ್ಡ ಮಾತುಗಳನ್ನು ಕೇಳಿ ಅರಗಿಸಿಕೊಂಡಿದ್ದಳು.

ಆದರೆ ಒಂಬತ್ತು ವರ್ಷ ಕೆರೆದು ಕೆರೆದು ಅವಳ ಬಲಗೈ ಕೆಟ್ಟಿತ್ತು. ಮಣಿಕಟ್ಟು ಊದಿಕೊಂಡು ಬೆಳಿಗ್ಗೆ ನೀರಿನ ಚೊಂಬು ಎತ್ತಲಾಗುತ್ತಿರಲಿಲ್ಲ. ಮೇಜಿನಲ್ಲಿ ಅವಳಿಗಿಂತ ಚಿಕ್ಕವರು, ಚುರುಕಾದವರು, ಓದಿದವರು ಇದ್ದರು. ಅವರನ್ನೆಲ್ಲ ಬಿಟ್ಟು ತನ್ನನ್ನೇಕೆ ಉಳಿಸಿದರು ಎಂದು ಅವಳು ಯೋಚಿಸಿದ್ದುಂಟು. ಮೀಸೆಯ ನಾಜೂಕು ತಿಳಿದವಳು ಯಂತ್ರದ ಪಕ್ಕ ಒಬ್ಬಳಾದರೂ ಇರಲಿ ಎಂದಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡಿದ್ದಳು. ಹಾಗೆ ಅಂದುಕೊಂಡಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಅವಳ ಅಣ್ಣನೂ ಅದೇ ಕಾರ್ಖಾನೆಯವನು. ಹನ್ನೊಂದು ವರ್ಷ ಮರಳು ಕೋಣೆಯಲ್ಲಿದ್ದವನು. ಕಂಪ್ರೆಸರಿನ ಗಾಳಿಯಲ್ಲಿ ಮರಳನ್ನು ಕೊಳವೆಯಿಂದ ಚಿಮ್ಮಿಸಿ ಜೀನ್ಸಿನ ತೊಡೆ, ಮಂಡಿ, ಹಿಂಭಾಗಗಳ ನೀಲಿಯನ್ನು ಉದುರಿಸುವ ಕೆಲಸ. ದಾರಕ್ಕೆ ನೀಲಿ ಹತ್ತುವುದು ಮೇಲ್ಮೈಯಲ್ಲಿ ಮಾತ್ರ, ಒಳಗೆ ದಾರ ಬೆಳ್ಳಗೇ ಇರುತ್ತದೆ. ಎಷ್ಟು ಹೊತ್ತು, ಎಷ್ಟು ದೂರದಿಂದ ಮರಳು ಹೊಡೆದರೆ ಎಷ್ಟು ಬಿಳಿ ಕಾಣುತ್ತದೆ ಎನ್ನುವುದು ಅಣ್ಣನ ಮೊಣಕೈಗೆ ಗೊತ್ತಿತ್ತು. ಧೂಳು ಹೊರಗೆ ಹೋಗದಿರಲೆಂದು ಆ ಕೋಣೆಯ ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದಿದ್ದರು. ಒಳಗಿದ್ದವರು ಮೂಗಿಗೆ ಹಳೇ ಬನಿಯನ್ ಕಟ್ಟಿಕೊಳ್ಳುತ್ತಿದ್ದರು. ಅಣ್ಣ ಸಂಜೆ ಮನೆಗೆ ಬಂದರೆ ರೆಪ್ಪೆಯವರೆಗೂ ಬಿಳಿ. ಗಿರಣಿಯಿಂದ ಬಂದ್ರಾ, ಹಿಟ್ಟೆಲ್ಲಿ, ಎಂದು ಅತ್ತಿಗೆ ಬಾಗಿಲಲ್ಲೇ ತಡೆದು ಅಂಗಿ ಕೊಡವಿಸುತ್ತಿದ್ದಳು.

ಎರಡು ವರ್ಷದ ಹಿಂದೆ ವಿದೇಶಿ ಗಿರಾಕಿಗಳು ಮರಳು ಹೊಡೆದ ಬಟ್ಟೆ ಬೇಡವೆಂದರು. ಕಾರ್ಖಾನೆ ಆ ಕೋಣೆಯ ಕಿಟಕಿ ಬಿಚ್ಚಿ, ಸುಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಕಿತು. ಲೇಸರ್ ಯಂತ್ರವನ್ನು ತಂದು ಕೂರಿಸಿದ್ದು ಅಲ್ಲೇ. ಅಣ್ಣನನ್ನು ಪ್ಯಾಕಿಂಗಿಗೆ ಹಾಕಿದರು. ಅಷ್ಟು ಹೊತ್ತಿಗೆ ಅವನಿಗೆ ಒಣಕೆಮ್ಮು ಹಿಡಿದಿತ್ತು. ಪೆಟ್ಟಿಗೆ ಎತ್ತಿದರೆ ಏದುಸಿರು, ಮೆಟ್ಟಿಲು ಹತ್ತಿದರೆ ಏದುಸಿರು. ಕಳೆದ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಕೂತ. ಆಸ್ಪತ್ರೆಯಲ್ಲಿ ಕ್ಷಯವಿರಬೇಕೆಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗುತ್ತ ಎಂಟು ತಿಂಗಳಾಗಿತ್ತು. ಮೂವತ್ತೊಂಬತ್ತರ ವಯಸ್ಸಿಗೆ ಅಂಗಿಯ ಕಾಲರಿನೊಳಗೆ ಕತ್ತಿನ ಸುತ್ತ ಜಾಗ ಉಳಿಯುವಷ್ಟು ಸೊರಗಿದ್ದ.

ಯಂತ್ರದ ಕೆಲಸ ಕಷ್ಟದ್ದಲ್ಲ. ಮೊದಲು ಕೈಯಲ್ಲಿ ಒಂದು ಮಾದರಿ ಪ್ಯಾಂಟು ಮಾಡಬೇಕು. ಅದರ ಫೋಟೋ ತೆಗೆದು ಯಂತ್ರಕ್ಕೆ ಉಣಿಸಿದರೆ ಅದೇ ಮಾಸಲನ್ನು ಅದು ಸಾವಿರ ಪ್ಯಾಂಟಿನ ಮೇಲೆ ಸುಡುತ್ತದೆ. ಒಂದು ಬೆಳಿಗ್ಗೆ ಇಂಜಿನಿಯರ್ ಹೊಸ ಮಾದರಿಯೊಂದನ್ನು ತಂದು ಮೀಸೆಯಕ್ಕನ ಮುಂದೆ ಹಾಸಿದ. ಎಂಥಾ ಸಹಜವಾಗಿದೆ ನೋಡಿ, ಗಿರಾಕಿಗಳು ಮೊದಲ ನೋಟಕ್ಕೇ ಒಪ್ಪಿದರು ಎಂದ. ತೊಡೆಯ ಬಿಳಿ ಅಂಚಿನಲ್ಲಿ ಎಲ್ಲೂ ಗೆರೆ ಕಾಣದ ಹಾಗೆ ನೀಲಿಯೊಳಗೆ ಕರಗಿತ್ತು. ಎಡಗಾಲಿನದು ಬಲಗಾಲಿಗಿಂತ ಒಂದಿಷ್ಟು ಹೆಚ್ಚು. ಅಣ್ಣ ಎಡಗೈಯವನು, ಅವನ ಕೈಯಲ್ಲಿ ಯಾವಾಗಲೂ ಎಡಗಾಲೇ ಹೆಚ್ಚು ಬೆಳ್ಳಗಾಗುತ್ತಿದ್ದದ್ದು. ಹಳೇ ಪ್ಯಾಂಟನ್ನು ಉಗ್ರಾಣದಿಂದ ತೆಗೆದಿರಬೇಕು ಎಂದುಕೊಂಡಳು. ಆದರೆ ಆ ಹೊಲಿಗೆ, ಆ ಜೇಬು ಈ ವರ್ಷದ್ದು. ಫೋಟೋಗೆ ಸುಕ್ಕು ಬಿಡಿಸುತ್ತ ಕಾಲಿನ ತುದಿಯ ಮಡಿಕೆ ಬಿಚ್ಚಿದಾಗ ಅವಳ ಅಂಗೈಗೆ ಚಿಟಿಕೆಯಷ್ಟು ಮರಳು ಉದುರಿತು.

ಮನೆಗೆ ಹೋಗಿ ಕೇಳಿದಳು. ಅಣ್ಣ ಗೋಡೆಗೆ ಒರಗಿ ಕೂತಿದ್ದವನು, ಹಳೇದೇ ಇರುತ್ತೆ ಬಿಡು, ನಿನಗೆ ಎಲ್ಲ ನನ್ನದೇ ಥರ ಕಾಣುತ್ತೆ ಎಂದು ಹೇಳಿ ಮಾತು ತಿರುಗಿಸಿದ. ಅತ್ತಿಗೆಯನ್ನು ಕೇಳಿದರೆ ಅವಳಿಗೆ ಏನೂ ಗೊತ್ತಿರಲಿಲ್ಲ. ಯಂತ್ರ ಬರುವ ಮುಂಚೆ ಮೂರು ದಿನ, ಮೀಸೆಯಕ್ಕ ಕೆಲಸಕ್ಕೆ ಹೋದ ಮೇಲೆ, ಕಾರ್ಖಾನೆಯ ಕಾರು ಬಂದು ಕರೆದುಕೊಂಡು ಹೋಗಿತ್ತು, ಪ್ಯಾಕಿಂಗಿನ ಲೆಕ್ಕ ತಪ್ಪಿದೆಯಂತೆ ಎಂದಿದ್ದರು, ಆಗಲೇ ಅವರು ಎರಡು ದಿನ ಚಾಪೆ ಬಿಟ್ಟು ಏಳದಿದ್ದದ್ದು ಎಂದಷ್ಟೇ ಹೇಳಿದಳು.

ಆ ತಿಂಗಳ ತಪಾಸಣೆಗೆ ಮೀಸೆಯಕ್ಕ ರಜೆ ಹಾಕಿ ಅಣ್ಣನ ಜೊತೆ ಹೋದಳು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿ ತುಂಬ ಹೊತ್ತು ನೋಡಿದರು. ಹಳೆಯ ಚೀಟಿಗಳನ್ನೆಲ್ಲ ತಿರುವಿದರು. ಎಂಟು ತಿಂಗಳಲ್ಲಿ ಒಂದು ಸಲವೂ ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ.

"ಏನು ಕೆಲಸ ಮಾಡ್ತಿದ್ರಿ?"

"ಪ್ಯಾಕಿಂಗ್, ಮೇಡಂ."

"ಅದಕ್ಕೆ ಮುಂಚೆ?"

"ಟೈಲರು."

ಮೀಸೆಯಕ್ಕ ಅಣ್ಣನ ಮುಖ ನೋಡಿದಳು. ಕಲ್ಲು ಒಡೆಯುವ ಕಡೆ, ಗಣಿಯಲ್ಲಿ, ಮರಳಿನಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದುಂಟಾ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಕೇಳಿದರು. ಇಲ್ಲ ಎಂದ ಅಣ್ಣ. ಕೊಟ್ಟ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೇಜಿನ ಕೆಳಗೆ ತಂಗಿಯ ಕೈ ಹಿಡಿದುಕೊಂಡು, ಇಲ್ಲ ಮೇಡಂ, ಹುಟ್ಟಾ ಟೈಲರು ಎಂದ. ಅವಳೂ ಬಾಯಿ ಬಿಡಲಿಲ್ಲ. ಆಮೇಲೆ ವರ್ಷಗಳವರೆಗೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಾಗದೆ ಹೋದದ್ದು ಆ ಒಂದು ನಿಮಿಷಕ್ಕೆ.

ಆಸ್ಪತ್ರೆಯ ಕಾಂಪೌಂಡಿನಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಅಣ್ಣ ಉಸಿರಿಗೆ ಕೂತ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳು. ಅವನು ಸುಧಾರಿಸಿಕೊಳ್ಳುವವರೆಗೆ ಕಾಯಬೇಕಾಯಿತು. ಆಮೇಲೆ ಒಂದೊಂದೇ ಮಾತು ಬಂತು, ನಡುನಡುವೆ ಬಿಡುವು ಕೊಟ್ಟು.

ಕೆರೆಯುವವರಲ್ಲಿ ಇಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಎಂಬ ಸುದ್ದಿ ಅವನಿಗೆ ಮೊದಲೇ ಸಿಕ್ಕಿತ್ತು. ಮ್ಯಾನೇಜರನ್ನು ಹೋಗಿ ನೋಡಿದ. ತಂಗಿಯ ಕೈ ಕೆಟ್ಟಿದೆ, ಹೊರಗೆ ಹೋದರೆ ಯಾರೂ ಕೆಲಸ ಕೊಡುವುದಿಲ್ಲ, ಅವಳನ್ನು ಯಂತ್ರಕ್ಕೆ ಕೂರಿಸಿ ಎಂದು ಕೇಳಿದ. ಅದಕ್ಕೆ ಮ್ಯಾನೇಜರು ಎರಡು ಷರತ್ತು ಹಾಕಿದರು. ಯಂತ್ರಕ್ಕೆ ಉಣಿಸಲು ಮರಳಿನ ಆರು ಮಾದರಿ ಮಾಡಿಕೊಡಬೇಕು, ಅವನಂಥ ಕೈ ಬೇರೆ ಇಲ್ಲ. ಮತ್ತೆ, ಈ ಕಾರ್ಖಾನೆಯಲ್ಲಿ ಮರಳು ಕೋಣೆ ಇತ್ತು ಎಂದು ಎಲ್ಲೂ, ಯಾರ ಹತ್ತಿರವೂ ಬಾಯಿ ಬಿಡಬಾರದು.

"ಒಪ್ಕೊಂಡೆ," ಎಂದ ಅಣ್ಣ. "ಇನ್ನೇನಿತ್ತು ನನ್ನ ಹತ್ರ ಕೊಡೋಕೆ?"

ಎಲ್ಲಿ ಮಾಡಿದೆ ಮಾದರಿ, ಕೋಣೆ ಮುಚ್ಚಿದ್ದಾರಲ್ಲ ಎಂದು ಕೇಳಿದಳು. ಮುಚ್ಚಿಲ್ಲ ಕಣೆ ಎಂದ. ಊರಾಚೆ ಹಳೆಯ ಇಟ್ಟಿಗೆ ಗೂಡಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಅದೇ ಕಂಪ್ರೆಸರ್ ಇಟ್ಟಿದ್ದಾರೆ. ಯಂತ್ರ ಗಿರಾಕಿಗಳಿಗೆ ತೋರಿಸಲು. ದೊಡ್ಡ ಆರ್ಡರು ಬಂದರೆ ಅರ್ಧ ಮಾಲು ಶೆಡ್ಡಿಗೇ ಹೋಗುತ್ತದೆ. ಎಂಟು ಜನ ಇದ್ದಾರೆ, ಅವರಿಗೆಲ್ಲ ಕೊಳವೆ ಹಿಡಿಯುವುದನ್ನು ಕಲಿಸಿದವನು ತಾನೇ. ಅವರಲ್ಲೊಬ್ಬನಾದ ಉದ್ದಣ್ಣನೇ ಅಲ್ಲಿನ ಮೇಸ್ತ್ರಿ.

ಉದ್ದಣ್ಣ ಹಳೆಯ ಮರಳು ಕೋಣೆಯವನೇ. ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ಒಳಗೆ ಹೋಗುವಷ್ಟು ಎತ್ತರದವನು, ಅಣ್ಣನ ಮದುವೆಯಲ್ಲಿ ಚಪ್ಪರದ ಕಂಬವೇ ಬೇಡವೆಂದು ಎಲ್ಲರೂ ನಗೆಯಾಡಿದ್ದರು. ಭಾನುವಾರ ಮೀಸೆಯಕ್ಕ ಬಸ್ಸು ಹಿಡಿದು, ಇಳಿದು, ಗೂಡಿನವರೆಗೆ ನಡೆದಳು. ಭಾನುವಾರವೂ ಕೆಲಸ ನಡೆದಿತ್ತು. ದೂರದಿಂದಲೇ ಕಂಪ್ರೆಸರಿನ ಸದ್ದು ಕೇಳಿತು. ತಗಡಿನ ಸಂದುಗಳಿಂದ ಧೂಳು ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ಉದ್ದಣ್ಣ ಹೊರಬಂದಾಗ ಕೆಮ್ಮುತ್ತಲೇ ಬಂದ. ಗಂಟಲಿನಲ್ಲಿ ಏನೂ ಸಿಗದೆ ಸುಮ್ಮನೆ ಕೆರೆಯುವ ಆ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣನ ಸ್ಥಿತಿ ಹೇಳಿದಳು. ನೀವೆಲ್ಲ ಒಂದು ಸಲ ಎದೆಯ ಫೋಟೋ ತೆಗೆಸಿಕೊಳ್ಳಿ ಎಂದಳು. ಉದ್ದಣ್ಣ ಕೈ ಕೊಡವಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಮೀಸೆಯಕ್ಕಾ, ನೀವು ಎ.ಸಿ. ರೂಮಲ್ಲಿ ಕೂತು ಗುಂಡಿ ಒತ್ತೋರು. ನಿಮ್ಮಣ್ಣ ನಿಮಗೆ ಕುರ್ಚಿ ಕೊಡ್ಸಿದ. ನಮಗ್ಯಾರು ಕೊಡ್ಸ್ತಾರೆ? ಫೋಟೋದಲ್ಲಿ ಏನೋ ಕಂಡ್ರೆ ನಾಳೆಯಿಂದ ಏನು ತಿನ್ನೋದು?"

ಹಿಂದಿರುಗಿ ಬಂದಳು. ಮರುದಿನ ಯಂತ್ರದ ಮುಂದೆ ಕೂತು ಅಣ್ಣನ ಮಾದರಿಯನ್ನು ಮುನ್ನೂರು ಪ್ಯಾಂಟಿಗೆ ಸುಟ್ಟಳು. ಅದರ ಮರುದಿನವೂ ಸುಟ್ಟಳು. ಹನ್ನೊಂದು ದಿನ ಹಾಗೆ ಕಳೆದಳು. ಆ ಕೋಣೆಯ ಟೈಲ್ಸ್ ನೆಲ, ಬಿಳಿ ಗೋಡೆ, ತಣ್ಣನೆಯ ಗಾಳಿ ಯಾವುದೂ ಕೆಟ್ಟದ್ದಲ್ಲ. ಕೈನೋವು ಕಡಿಮೆಯಾಗಿತ್ತು, ಬೆಳಿಗ್ಗೆ ಚೊಂಬು ಎತ್ತಬಹುದಾಗಿತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಹನ್ನೆರಡನೇ ದಿನ ಅರ್ಧ ದಿನದ ರಜೆ ಬರೆದುಕೊಟ್ಟು ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಎಕ್ಸ್‌ರೇಯನ್ನು ಮತ್ತೆ ಹಲಗೆಗೆ ಸಿಕ್ಕಿಸಿ, ಎದೆಯ ಮೇಲ್ಭಾಗದಲ್ಲಿ ಚೆಲ್ಲಿದ್ದ ಬಿಳಿ ಚುಕ್ಕೆಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ಮರಳಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತರೆ ಅದರ ಸುತ್ತ ಮಾಂಸ ಗಟ್ಟಿಯಾಗುತ್ತ ಹೋಗುತ್ತದೆ, ಕೊನೆಗೆ ಉಸಿರಿಗೆ ಜಾಗವಿರುವುದಿಲ್ಲ ಎಂದರು.

"ಔಷಧಿ?"

"ಇಲ್ಲಮ್ಮ. ಮೊದಲೇ ಹೇಳಿದ್ರೂ ಇರ್ಲಿಲ್ಲ. ಧೂಳಿನಿಂದ ದೂರ ಇರೋದೊಂದೇ ದಾರಿ. ಆ ಮೂರು ದಿನ ಅವರು ಹೋಗಬಾರದಿತ್ತು."

ಆಮೇಲೆ ಶೆಡ್ಡು ಎಲ್ಲಿದೆ ಎಂದು ಕೇಳಿದರು. ಅಲ್ಲಿರುವವರನ್ನಾದರೂ ಹೊರಗೆ ತರಬಹುದು, ಕಾರ್ಮಿಕರ ಕಚೇರಿಗೆ ತಾನೇ ಬರೆಯುತ್ತೇನೆ, ಆದರೆ ಕಂಡವರೊಬ್ಬರ ಸಹಿ ಬೇಕು ಎಂದರು. ಹೆಸರು ಗುಟ್ಟಾಗಿ ಉಳಿಯುತ್ತದೆಂದು ತಾನು ಮಾತು ಕೊಡಲಾರೆ ಎಂದೂ ಹೇಳಿದರು. ಮೀಸೆಯಕ್ಕ ಕಾಗದವನ್ನು ಎರಡು ಸಲ ಓದಿ, ತನ್ನ ನಿಜವಾದ ಹೆಸರನ್ನು ಪೂರ್ತಿ ಬರೆದಳು.

ಹದಿನೈದು ದಿನದೊಳಗೆ ಜೀಪು ಬಂತು. ಶೆಡ್ಡಿಗೆ ಬೀಗ ಬಿತ್ತು, ಕಂಪ್ರೆಸರನ್ನು ಲಾರಿಗೆ ಹೇರಿದರು. ಕಾರ್ಖಾನೆಯವರು ಆ ಶೆಡ್ಡು ತಮ್ಮದಲ್ಲ, ಯಾವನೋ ಗುತ್ತಿಗೆಯವನದು ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಅದೇ ವಾರ ಮ್ಯಾನೇಜರು ಅವಳನ್ನು ಕರೆಸಿದರು. ದನಿ ಏರಿಸಲಿಲ್ಲ. ಟೀ ತರಿಸಿಕೊಟ್ಟರು.

"ನಿನ್ನ ಅಣ್ಣ ಮಾತಿಗೆ ನಿಂತ ಮನುಷ್ಯ. ನೀನು ಅವನ ಹೊಟ್ಟೆ ಮೇಲೇ ಹೊಡೆದುಬಿಟ್ಟೆಯಲ್ಲಮ್ಮ," ಎಂದರು.

"ಹೊಟ್ಟೆ ಅಲ್ಲ ಸಾರ್, ಎದೆ. ಅದಕ್ಕೆ ಹೊಡೆದೋಳು ನಾನಲ್ಲ," ಎಂದು ಅವಳು ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಟೀ ಮುಟ್ಟಲಿಲ್ಲ.

ಮನೆಯಲ್ಲಿ ಅದಕ್ಕಿಂತ ಕಷ್ಟವಿತ್ತು. ಅಣ್ಣ ಸುದ್ದಿ ಕೇಳಿ ಮುಖವನ್ನು ಗೋಡೆಯ ಕಡೆ ಮಾಡಿದ.

"ಜೀವಮಾನದಲ್ಲಿ ನಿನಗೆ ಅಂತ ಒಂದು ಕೆಲಸ ಮಾಡಿದ್ದೆ," ಎಂದ. "ಅದನ್ನೂ ಇಲ್ಲ ಅನ್ನಿಸಿಬಿಟ್ಟೆ."

ಅದಾದ ಮೇಲೆ ಅವಳ ಜೊತೆ ಮಾತು ಬಿಟ್ಟ. ನೀರು ಬೇಕಾದರೆ ಅತ್ತಿಗೆಯನ್ನು ಕರೆಯುತ್ತಿದ್ದ, ಅತ್ತಿಗೆ ಇಲ್ಲದಿದ್ದರೆ ಬಾಯಾರಿ ಕೂತಿರುತ್ತಿದ್ದ. ಅತ್ತಿಗೆ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಇಬ್ಬರಿಗೂ ಬಡಿಸುತ್ತ, ನೀವು ಅಣ್ಣತಂಗಿ ಇಬ್ಬರೂ ಒಂದೇ ಅಚ್ಚು, ಒಬ್ಬರಿಗೊಬ್ಬರು ಉಪಕಾರ ಮಾಡಿ ಮಾಡಿಯೇ ಸಾಯ್ತೀರಿ ಎಂದು ಒಮ್ಮೆ ಹೇಳಿ, ಹೇಳಿದ್ದಕ್ಕೆ ತಾನೇ ಬಚ್ಚಲಿಗೆ ಹೋಗಿ ಅತ್ತಳು. ಕ್ಷಯದ ಮಾತ್ರೆಗಳನ್ನು ಡಾಕ್ಟರಮ್ಮ ನಿಲ್ಲಿಸಿದರು. ಆಮ್ಲಜನಕದ ಸಿಲಿಂಡರ್ ಮನೆಗೆ ಬಂತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವನಿಗೆ ಬೆನ್ನಿಗೆ ದಿಂಬು ಪೇರಿಸಿ ಕೂರಿಸಬೇಕಿತ್ತು. ಮೀಸೆಯಕ್ಕ ಅವನ ಹಿಂದೆ ಕೂತು ತನ್ನ ಬೆನ್ನನ್ನೇ ಆಸರೆಯಾಗಿ ಕೊಡುತ್ತಿದ್ದಳು. ಅದನ್ನು ಮಾತ್ರ ಅವನು ಬೇಡವೆನ್ನಲಿಲ್ಲ. ಮುಖ ನೋಡಬೇಕಾಗಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಉದ್ದಣ್ಣ ಬಂದ, ಜಗಳಕ್ಕೆ. ಬೀಗ ಬಿದ್ದ ಮೇಲೆ ಎಂಟು ಮನೆಯಲ್ಲಿ ಒಲೆ ಹೊತ್ತುವುದು ಕಷ್ಟವಾಗಿತ್ತು. ಬೀದಿಯಲ್ಲಿ ನಿಂತು ಮೀಸೆಯಕ್ಕನ ಹೆಸರು ಹಿಡಿದು ಕೂಗಿದ. ಮೂರನೆಯ ಮಾತಿಗೆ ಕೆಮ್ಮು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಳಗಿನಿಂದ ಅಣ್ಣ ಆ ಕೆಮ್ಮನ್ನು ಕೇಳಿಸಿಕೊಂಡ. ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದ ತಂಗಿಗೆ ಅವನ ಮೈ ಬಿಗಿಯಾದದ್ದು ತಿಳಿಯಿತು.

"ಅವನನ್ನ ಒಳಗೆ ಕರಿ," ಎಂದ. ಒಂದೂವರೆ ತಿಂಗಳಲ್ಲಿ ಅವಳಿಗೆ ಹೇಳಿದ ಮೊದಲ ಮಾತು ಅದು.

ಉದ್ದಣ್ಣ ತಲೆ ಬಗ್ಗಿಸಿ ಒಳಗೆ ಬಂದ. ಬಂದವನು ಅಣ್ಣನನ್ನು ಕಂಡು ಬೈಗುಳವನ್ನೆಲ್ಲ ಮರೆತ. ಅಣ್ಣ ತನ್ನ ಅಂಗಿ ಬಿಚ್ಚೆಂದು ತಂಗಿಗೆ ಹೇಳಿದ. ಗುಂಡಿ ಬಿಚ್ಚಿ ಅವಳು ಅಂಗಿಯನ್ನು ಸರಿಸಿದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಹೋಗುತ್ತಿತ್ತು, ಕತ್ತಿನ ಬುಡದಲ್ಲಿ ಮುಷ್ಟಿ ಹಿಡಿಯುವಷ್ಟು ಹಳ್ಳ.

"ಸರಿಯಾಗಿ ನೋಡು," ಎಂದ ಅಣ್ಣ. "ಕೊಳವೆ ಹಿಡಿಯೋದು ನಾನೇ ಕಲಿಸಿದ್ದು. ಇದನ್ನೂ ನಾನೇ ತೋರಿಸ್ಬೇಕು. ಎಲ್ಲರನ್ನೂ ಕರ್ಕೊಂಡು ಬಾ."

ಮರುದಿನದಿಂದ ಅವರು ಇಬ್ಬಿಬ್ಬರಾಗಿ ಬಂದರು. ಕೆಲವರು ಬಾಗಿಲಲ್ಲೇ ನಿಂತು ನೋಡಿ ಹೋದರು. ಒಬ್ಬ ಅಣ್ಣನ ಕಾಲ ಬಳಿ ಕೂತು ಬಹಳ ಹೊತ್ತು ಏಳಲಿಲ್ಲ. ಎಂಟನೆಯವನು ಬಂದು ಹೋದ ನಾಲ್ಕು ದಿನಕ್ಕೆ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ತಂಗಿಯ ಬೆನ್ನಿಗೆ ಒರಗಿದ್ದಂತೆಯೇ ಅಣ್ಣ ತೀರಿಕೊಂಡ. ಭಾರ ಹೆಚ್ಚಾದದ್ದು ಗೊತ್ತಾಗಿ ಅವಳು ಅತ್ತಿಗೆಯನ್ನು ಕೂಗಿದಳು. ಅವಳ ಮೇಲಿನ ಸಿಟ್ಟು ಇಳಿಯಿತೆಂದು ಅವನು ಹೇಳಿರಲಿಲ್ಲ. ಹೇಳಬಹುದಾಗಿತ್ತು, ಅಷ್ಟು ಉಸಿರು ಇತ್ತು ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ.

ತಿಂಗಳು ಕಳೆದ ಮೇಲೆ ಎಂಟು ಜನರೂ ಎದೆಯ ಫೋಟೋ ತೆಗೆಸಿಕೊಂಡರು. ಮೀಸೆಯಕ್ಕನೇ ಡಾಕ್ಟರಮ್ಮನ ಹತ್ತಿರ ಹೇಳಿ ದಿನ ಗೊತ್ತು ಮಾಡಿಸಿದ್ದಳು. ಅವಳಿಗೆ ಆಗ ಒಂದು ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಿಸುವ ಕೆಲಸ ಸಿಕ್ಕಿತ್ತು, ಎಡಗೈಯಲ್ಲೇ ಹೆಚ್ಚು ಮಾಡುತ್ತಿದ್ದಳು. ಮೂವರ ಎದೆ ತಿಳಿಯಾಗಿತ್ತು. ಐವರದರಲ್ಲಿ ಚುಕ್ಕೆಗಳಿದ್ದವು. ಐವರಲ್ಲಿ ಉದ್ದಣ್ಣನೂ ಒಬ್ಬ. ಅವನದು ಅಣ್ಣನಷ್ಟಲ್ಲ, ಇಲ್ಲಿಗೇ ನಿಲ್ಲಬಹುದು, ನಿಲ್ಲದೆಯೂ ಇರಬಹುದು ಎಂದರು ಡಾಕ್ಟರಮ್ಮ.

ಉದ್ದಣ್ಣ ಫೋಟೋದ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದ. ದಾರಿಯಲ್ಲಿ ಎರಡು ಸಲ ನಿಂತ. ಮನೆಯಲ್ಲಿ ಏನೆಂದು ಹೇಳುವುದೋ ತಿಳಿಯುತ್ತಿಲ್ಲ, ಹೆಂಡತಿ ಈಗ ಬಸುರಿ ಎಂದ. ಅವನ ಬಸ್ಸು ಬಂತು, ಸೀಟು ಖಾಲಿ ಇರಲಿಲ್ಲ. ಮೀಸೆಯಕ್ಕ ಅವನ ಹಿಂದೆಯೇ ಹತ್ತಿ, ಕಿಟಕಿ ಪಕ್ಕ ಕೂತಿದ್ದ ವಿದ್ಯಾರ್ಥಿಯೊಬ್ಬನ ಭುಜ ತಟ್ಟಿ, ಇವರಿಗೆ ಜಾಗ ಬಿಡಪ್ಪ, ಹುಷಾರಿಲ್ಲ ಎಂದಳು. ಅಷ್ಟು ಗಟ್ಟಿಮುಟ್ಟಾದ ಆಳಿಗೆ ಏನಾಗಿದೆ ಎಂಬಂತೆ ಹುಡುಗ ಒಮ್ಮೆ ನೋಡಿ ಎದ್ದ. ಉದ್ದಣ್ಣ ಬೇಡವೆನ್ನದೆ ಕೂತ.